ಎಚ್ಚರದ ಬಾಳು: ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ಕ್ರೈಸ್ತರ ನಿತ್ಯಸಾಧನೆ

ಎಚ್ಚರವಾಗಿರುವುದು ಕ್ರೈಸ್ತ ಸಾಧನೆಯ ಅತ್ಯಂತ ಹಳೆಯ ಕರ್ತವ್ಯಗಳಲ್ಲಿ ಒಂದು. ಯೇಸುವಿನ ಬೋಧನೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, ಯಜಮಾನ ರಾತ್ರಿಯ ಯಾವ ಜಾವದಲ್ಲಿ ಮರಳುವನೋ ತಿಳಿಯದೆ ಬಾಗಿಲು ಕಾಯುವ ಆಳಿನ ಮಾತಿದೆ. ಮತ್ತಾಯನ 25ನೇ ಅಧ್ಯಾಯದಲ್ಲಿ ದೀಪಕ್ಕೆ ಎಣ್ಣೆ ಕೂಡಿಟ್ಟುಕೊಂಡ ಐವರು ಕನ್ಯೆಯರೂ ಇಟ್ಟುಕೊಳ್ಳದ ಐವರೂ ಬರುತ್ತಾರೆ. ಗೆತ್ಸೆಮನೆ ತೋಟದಲ್ಲಿ ಗುರು ಸಂಕಟಪಡುತ್ತಿರುವಾಗ ಶಿಷ್ಯರು ನಿದ್ದೆಹೋಗುತ್ತಾರೆ. ಈ ಎಚ್ಚರಕ್ಕೆ ಎರಡು ಮುಖ. ಒಂದು, ಬರಲಿರುವವನ ನಿರೀಕ್ಷೆ. ಇನ್ನೊಂದು, ಮನಸ್ಸಿನೊಳಕ್ಕೆ ಸದ್ದಿಲ್ಲದೆ ನುಗ್ಗುವ ಕೇಡಿನ ಮೇಲೆ ನೆಟ್ಟ ಕಣ್ಣು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಎರಡನೆಯದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಅವರಲ್ಲಿ ಒಬ್ಬನಾದ ಇವಾಗ್ರಿಯಸ್ ಮನುಷ್ಯನನ್ನು ಕೆಡಿಸುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ. ಹದಿನಾರನೇ ಶತಮಾನದಲ್ಲಿ ಯೇಸುಸಭೆಯನ್ನು ಕಟ್ಟಿದ ಲೊಯೋಲದ ಇಗ್ನೇಷಿಯಸ್ ಅದನ್ನು ದಿನದ ಕೆಲಸವಾಗಿ ಮಾರ್ಪಡಿಸಿದ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವನ 'ಆಧ್ಯಾತ್ಮಿಕ ಸಾಧನೆಗಳು' ಕೃತಿ, ಮಧ್ಯಾಹ್ನ ಮತ್ತು ರಾತ್ರಿ ಕೆಲಹೊತ್ತು ನಿಂತು ಆ ದಿನದ ನಡೆಯನ್ನು ದೇವರೆದುರು ಪರಿಶೀಲಿಸಿಕೊಳ್ಳುವ ಆತ್ಮಶೋಧನೆಯನ್ನು ಹೇಳಿಕೊಡುತ್ತದೆ.

ತಮಿಳುನಾಡಿನ ದಿಂಡಿಗಲ್ ಬಯಲು ಮತ್ತು ಅದರ ನೈಋತ್ಯಕ್ಕೆ ಪಶ್ಚಿಮಘಟ್ಟದ ಬುಡದಲ್ಲಿ ಚಾಚಿರುವ ಕಂಬಂ ಕಣಿವೆಗೆ ಈ ಸಂಪ್ರದಾಯ ಮುಖ್ಯವಾಗಿ ಯೇಸುಸಭೆಯ ಮದುರೈ ಮಿಷನ್ನಿನ ಮೂಲಕ ಬಂತು. ಅಲ್ಲಿ ಅದನ್ನು ಉಳಿಸಿಕೊಂಡವರಲ್ಲಿ ಪಾದ್ರಿಗಳಿಗಿಂತ ಹೆಚ್ಚಿನ ಪಾಲು ಉಪದೇಶಿಗಳದು, ಕೂಲಿಗೆ ಹೋಗುವ ಹೆಂಗಸರದು, ಮನೆಯ ಹಿರಿಯರದು. ಈ ಸೀಮೆಯ ಕ್ರೈಸ್ತ ಬದುಕನ್ನು ಅರಿಯಲು ಈ ಸಂಗತಿ ಮೊದಲು ಮನಸ್ಸಿಗೆ ಬರಬೇಕು.

ನೆಲ ಮತ್ತು ಜನ

ದಿಂಡಿಗಲ್ ಜಿಲ್ಲೆ 1985ರಲ್ಲಿಯೂ ತೇನಿ ಜಿಲ್ಲೆ 1996ರಲ್ಲಿಯೂ ಹಳೆಯ ಮದುರೈ ಜಿಲ್ಲೆಯಿಂದ ಬೇರೆಯಾದವು. ಮುಲ್ಲೈ ಪೆರಿಯಾರ್ ನೀರು ಕಂಬಂ ಕಣಿವೆಯ ಗದ್ದೆತೋಟಗಳಿಗೆ ಹರಿಯುತ್ತದೆ. 1895ರ ಪೆರಿಯಾರ್ ಅಣೆಕಟ್ಟು ಇಲ್ಲಿನ ಬೇಸಾಯದ ಗತಿಯನ್ನೇ ಬದಲಿಸಿತು. ಬೋಡಿನಾಯಕನೂರು ಏಲಕ್ಕಿಯ ದೊಡ್ಡ ಪೇಟೆ. ದಿಂಡಿಗಲ್ ಬೀಗಕ್ಕೆ, ಚರ್ಮ ಹದಮಾಡುವ ಕೆಲಸಕ್ಕೆ, ನೂಲಿನ ಗಿರಣಿಗಳಿಗೆ ಹೆಸರಾದ ಊರು. ನಿಲಕ್ಕೋಟ್ಟೈ ಮಲ್ಲಿಗೆಯ ಊರು. ಕಂಬಮಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ತಳಿಯನ್ನು 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಮಿಳುನಾಡಿಗೆ ತಂದರೆಂದು ಹೇಳುತ್ತಾರೆ.

2011ರ ಜನಗಣತಿಯಂತೆ ದಿಂಡಿಗಲ್ ಜಿಲ್ಲೆಯ ಜನರಲ್ಲಿ ಕ್ರೈಸ್ತರು ಶೇಕಡ ಏಳಕ್ಕೂ ಹೆಚ್ಚು, ತೇನಿಯಲ್ಲಿ ಶೇಕಡ ಮೂರರ ಆಸುಪಾಸು. ಕಥೋಲಿಕರದೇ ದೊಡ್ಡ ಪಾಲು. ದಕ್ಷಿಣ ಭಾರತ ಸಭೆಯವರೂ ಪೆಂತೆಕೊಸ್ತ ಸಭೆಗಳವರೂ ಇದ್ದಾರೆ. ತೇನಿಯ ಕಥೋಲಿಕರು ಮದುರೈ ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. ದಿಂಡಿಗಲ್ 2003ರಲ್ಲಿ ತಿರುಚ್ಚಿರಾಪ್ಪಳ್ಳಿಯಿಂದ ಬೇರ್ಪಟ್ಟು ಸ್ವತಂತ್ರ ಧರ್ಮಪ್ರಾಂತ್ಯವಾಯಿತು. ಕಣಿವೆಯ ರಾಯಪ್ಪನ್‌ಪಟ್ಟಿ, ದಿಂಡಿಗಲ್ ಬಳಿಯ ಪಂಜಂಪಟ್ಟಿ ಮುಂತಾದವು ಕಥೋಲಿಕರು ಹೆಚ್ಚಾಗಿರುವ ಹಳ್ಳಿಗಳು. ಇದೇ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಕಪ್ಪಿಲಿಯರೂ ತಲೆಮಾರುಗಳಿಂದ ನೆಲೆಸಿದ್ದಾರೆ. ಅವರಲ್ಲಿ ಬಹುಪಾಲು ಹಿಂದೂಗಳು, ಕ್ರೈಸ್ತ ಹಳ್ಳಿಗಳಿಗೆ ನೆರೆಹೊರೆಯವರು.

ಪಾದ್ರಿಯಿಲ್ಲದ ಕಾಲದ ಎಚ್ಚರ

ತಮಿಳಿನಲ್ಲಿ ಕ್ರೈಸ್ತ ಪುಸ್ತಕ ಅಚ್ಚಾಗತೊಡಗಿದ ಹೊತ್ತಿಗೇ ಆತ್ಮಶೋಧನೆಗೂ ಪುಸ್ತಕ ಬಂತು. ಹೆನ್ರಿಕ್ ಹೆನ್ರಿಕೆಸ್ ಎಂಬ ಯೇಸುಸಭೆಯ ಪಾದ್ರಿಯ 'ತಂಬಿರಾನ್ ವಣಕ್ಕಂ' 1578ರಲ್ಲಿ ಕೊಲ್ಲಂನಲ್ಲಿ ಅಚ್ಚಾಯಿತು. ಪಾಪನಿವೇದನೆಗೆ ಸಿದ್ಧವಾಗುವವರಿಗಾಗಿ ಅವನೇ ಬರೆದ ಕೈಪಿಡಿ 1580ರಲ್ಲಿ ಕೊಚ್ಚಿಯಲ್ಲಿ ಬೆಳಕು ಕಂಡಿತು. ಇವು ಕರಾವಳಿಯ ಪರವರೆಂಬ ಬೆಸ್ತರಿಗಾಗಿ ಹುಟ್ಟಿದವು. ಒಳನಾಡಿನ ಕೆಲಸ 1606ರಲ್ಲಿ ರಾಬರ್ಟೊ ಡಿ ನೊಬಿಲಿ ಮದುರೈಗೆ ಬಂದ ಮೇಲೆ ಬಲ ಪಡೆಯಿತು. ಅವನು ಸಂನ್ಯಾಸಿಯ ಉಡುಗೆ ತೊಟ್ಟು, ಮಾಂಸ ಬಿಟ್ಟು, ತಮಿಳಿನಲ್ಲಿ 'ಜ್ಞಾನೋಪದೇಶಂ' ರಚಿಸಿದ. ಅವನ ಮಾದರಿಯಲ್ಲೇ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ತೆರೆದು ಕನ್ನಡದಲ್ಲಿ ಬರೆದ. ಮದುರೈ ಸೀಮೆಯ ಮತ್ತು ಹಳೆಯ ಮೈಸೂರಿನ ಕಥೋಲಿಕರ ಆಚರಣೆಗಳು ಇಂದಿಗೂ ದಾಯಾದಿಗಳಂತೆ ಕಾಣುವುದಕ್ಕೆ ಈ ಒಂದೇ ಬೇರು ಕಾರಣ.

ಮದುರೈ ಮಿಷನ್ನಿನ ವಿಸ್ತಾರಕ್ಕೆ ಪಾದ್ರಿಗಳ ಸಂಖ್ಯೆ ಯಾವಾಗಲೂ ಸಾಲದಾಗಿತ್ತು. ಹಳ್ಳಿಯೊಂದಕ್ಕೆ ಪಾದ್ರಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಸಭೆಯನ್ನು ನಡೆಸುತ್ತಿದ್ದವನು ಉಪದೇಶಿ. ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸುವುದು, ಮಕ್ಕಳಿಗೆ ಮಂತ್ರ ಕಲಿಸುವುದು, ಸಾಯುವ ಸ್ಥಿತಿಯಲ್ಲಿದ್ದವರಿಗೆ ಸ್ನಾನದೀಕ್ಷೆ ಕೊಡುವುದು, ಹೆಣ ಹೂಳುವುದು, ಜಗಳ ಬಿಡಿಸುವುದು ಎಲ್ಲವೂ ಅವನ ಹೊಣೆ. ಹಾಗಾಗಿ ಉಪದೇಶಿಯ ಒಳಬದುಕು ಸಡಿಲವಾದರೆ ಇಡೀ ಊರಿನ ನಂಬಿಕೆ ಸಡಿಲವಾಗುವ ಅಪಾಯವಿತ್ತು. ವೀರಮಾಮುನಿವರ್ ಎಂದು ತಮಿಳರು ಕರೆಯುವ ಕಾನ್‌ಸ್ಟಾಂಜೊ ಬೆಸ್ಕಿ ಈ ಅಪಾಯವನ್ನು ಚೆನ್ನಾಗಿ ಕಂಡಿದ್ದ. ಸಂತ ಜೋಸೆಫನನ್ನು ಕುರಿತ 'ತೇಂಬಾವಣಿ' ಮಹಾಕಾವ್ಯದಿಂದ ಅವನ ಹೆಸರು ಉಳಿದಿದೆ. ಆದರೆ ಹಳ್ಳಿಯ ಸಭೆಗಳ ದೃಷ್ಟಿಯಿಂದ ನೋಡಿದರೆ ಉಪದೇಶಿಗಳ ನಡೆನುಡಿಗೆಂದೇ ಅವನು ಗದ್ಯದಲ್ಲಿ ಬರೆದ 'ವೇದಿಯರ್ ಒಳುಕ್ಕಂ' ಅದಕ್ಕಿಂತ ಕಡಿಮೆಯದಲ್ಲ. ಇತರರ ಆತ್ಮ ಕಾಯುವವನು ಮೊದಲು ತನ್ನದನ್ನು ಕಾಯಬೇಕೆಂಬುದು ಅದರ ಹಿಂದಿನ ಕಾಳಜಿ.

ಆ ಕಾಳಜಿಗೆ ಕಠಿಣ ಪರೀಕ್ಷೆ ಕಾದಿತ್ತು. 1773ರಲ್ಲಿ ಪೋಪ್ ಹದಿನಾಲ್ಕನೇ ಕ್ಲೆಮೆಂಟ್ ಯೇಸುಸಭೆಯನ್ನೇ ವಿಸರ್ಜಿಸಿದ. ಆ ಹೊತ್ತಿಗೆ ದಿಂಡಿಗಲ್ ಮೈಸೂರಿನ ಆಳ್ವಿಕೆಯಲ್ಲಿತ್ತು. ಹೈದರಾಲಿ 1755ರಲ್ಲಿ ಫೌಜುದಾರನಾಗಿ ಬಂದು ತನ್ನ ಸೈನ್ಯಬಲವನ್ನು ಕಟ್ಟಿಕೊಂಡದ್ದು ಇಲ್ಲೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಈ ಸೀಮೆ ಇಂಗ್ಲಿಷರ ಕೈಗೆ ಹೋಯಿತು. ಯುದ್ಧ, ಪಾಳೆಯಗಾರರ ಕಲಹ, ಬರ ಇವುಗಳ ನಡುವೆ ಕಥೋಲಿಕ ಹಳ್ಳಿಗಳು ಹತ್ತಿರ ಹತ್ತಿರ ಎರಡು ತಲೆಮಾರಿನ ಕಾಲ ಬೆರಳೆಣಿಕೆಯ ಪಾದ್ರಿಗಳನ್ನಷ್ಟೇ ಕಂಡವು. ಬಲಿಪೂಜೆ, ಪಾಪನಿವೇದನೆ ಅಪರೂಪವಾದವು. ಉಳಿದದ್ದು ಬಾಯಿಪಾಠದ ಜಪ, ಸಂಜೆಯ ಜಪಸರ, ಉಪವಾಸದ ದಿನಗಳ ಲೆಕ್ಕ, ಹಿರಿಯರ ನೆನಪು. 1837ರಲ್ಲಿ ಪುದುಚೇರಿಗೆ ಬಂದಿಳಿದ ನಾಲ್ವರು ಫ್ರೆಂಚ್ ಯೇಸುಸಭಿಕರು ಮರುವರ್ಷ ಒಳನಾಡಿಗೆ ಬಂದು ಹೊಸ ಮದುರೈ ಮಿಷನ್ ಆರಂಭಿಸಿದಾಗ ಅವರು ಬರಿದಾದ ನೆಲಕ್ಕೆ ಬರಲಿಲ್ಲ, ಕಾಯುತ್ತಿದ್ದ ಜನರ ಬಳಿಗೆ ಬಂದರು. ಮಿಷನ್ ಚರಿತ್ರೆಗಳು ಬಂದವರ ಹೆಸರುಗಳನ್ನು ದಾಖಲಿಸಿವೆ. ಕಾದವರ ಹೆಸರುಗಳು ಬಹುತೇಕ ಸಿಗುವುದಿಲ್ಲ. ಈ ಪ್ರದೇಶದಲ್ಲಿ ನಂಬಿಗಸ್ತಿಕೆಯ ಅತಿ ದೊಡ್ಡ ಉದಾಹರಣೆಯಾದರೂ ಅವರದೇ.

ಹೊಸ ಮಿಷನ್ನಿನ ಕಾಲದಲ್ಲಿ ಏಕಾಂತಧ್ಯಾನಕ್ಕೆ ನೆಲೆಗಳು ಎದ್ದವು. ಕೊಡೈಕಾನಲ್‌ನ ಲಾ ಸಲೆತ್ ಮಾತೆಯ ಗುಡಿಯನ್ನು ಲೂಯಿ ಸೇಂಟ್ ಸೀರ್ 1866ರಲ್ಲಿ ಕಟ್ಟಿಸಿದ. ಶೆಂಬಗನೂರಿನ ಸೇಕ್ರೆಡ್ ಹಾರ್ಟ್ ಕಾಲೇಜು 1895ರಲ್ಲಿ ಆರಂಭವಾಯಿತು. ದಿಂಡಿಗಲ್‌ನಲ್ಲಿ ಬೆಸ್ಕಿಯ ಹೆಸರಿನ ಕಾಲೇಜು ಎಳೆಯ ಯೇಸುಸಭಿಕರ ತರಬೇತಿಯ ಮನೆಯಾಯಿತು. ತೀರಾ ಈಚೆಗೆ, 1996ರಲ್ಲಿ, ಯೇಸುಸಭೆಯ ಅಮಾ ಸ್ವಾಮಿ ಪೆರುಮಾಳ್‌ಮಲೆಯಲ್ಲಿ ತೆರೆದ ಬೋಧಿ ಝೆಂಡೊ ಝೆನ್ ಧ್ಯಾನದ ಹಾದಿಯಲ್ಲಿ ಅದೇ ಒಳ ಎಚ್ಚರವನ್ನು ಅರಸುತ್ತದೆ.

ಪ್ರೊಟೆಸ್ಟಂಟ್ ಹಾದಿ ಬೇರೆ ದಿಕ್ಕಿನಿಂದ ಬಂತು. ಜಾಫ್ನಾದಿಂದ ಬಂದ ಅಮೆರಿಕನ್ನರು 1834ರಲ್ಲಿ ಮದುರೈಯಲ್ಲಿ ಮಿಷನ್ ಹೂಡಿದರು. ಮರುವರ್ಷ ದಿಂಡಿಗಲ್ ಅವರ ಠಾಣೆಯಾಯಿತು. 1845ರಲ್ಲಿ ಕೊಡೈಕಾನಲ್‌ನಲ್ಲಿ ಮನೆ ಕಟ್ಟಿ ಆ ಬೆಟ್ಟದ ಊರಿಗೆ ಬುನಾದಿ ಹಾಕಿದವರೂ ಅವರೇ. ಅವರ ಒತ್ತು ಬೈಬಲ್ ಓದಿನ ಮೇಲೆ, ಹಾಡಿನ ಮೇಲೆ. ಆ ಮಿಷನ್ನಿನ ಎಡ್ವರ್ಡ್ ವೆಬ್ 1853ರಲ್ಲಿ ತಂಜಾವೂರಿನ ವೇದನಾಯಕ ಶಾಸ್ತ್ರಿಗಳ ಹಾಡುಗಳನ್ನೂ ಒಳಗೊಂಡ ಕೀರ್ತನೆಗಳ ಸಂಗ್ರಹ ಹೊರತಂದ. ಆರಾಧನೆಯಲ್ಲಿ ರಾಗತಾಳಗಳು ನೆಲೆಯಾದ ಮೇಲೆ ಓದಲು ಬಾರದವರೂ ವೇದದ ಮಾತನ್ನು ಮನಸ್ಸಿನಲ್ಲಿ ಹೊತ್ತು ನಡೆಯುವುದು ಸಾಧ್ಯವಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಸಭೆಗಳು ಅದರ ಮದುರೈ–ರಾಮನಾಡು ಧರ್ಮಪ್ರಾಂತ್ಯದಲ್ಲಿ ಸೇರಿದವು.

ದಿನ

ಈ ಸೀಮೆಯಲ್ಲಿ ದಿನ ಬೇಗ ಆರಂಭವಾಗುತ್ತದೆ. ಕಣಿವೆಯ ಹಳ್ಳಿಗಳ ಹೆಂಗಸರು ಕಂಬಂಮೆಟ್ಟು, ಬೋಡಿಮೆಟ್ಟು, ಕುಮಿಳಿ ಘಟ್ಟಗಳನ್ನು ಜೀಪುಗಳಲ್ಲಿ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಜೀಪು ಹಿಡಿಯಬೇಕಾದರೆ ನಸುಕಿಗೇ ಅಡುಗೆ ಮುಗಿದಿರಬೇಕು. ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವುದೂ ಬಿಸಿಲೇರುವ ಮುಂಚೆಯೇ. ಪುಸ್ತಕಗಳು ಹೇಳುವ ದೀರ್ಘ ಬೆಳಗಿನ ಧ್ಯಾನಕ್ಕೆ ಇಲ್ಲಿ ಎಡೆ ಕಡಿಮೆ. ಅದರ ಜಾಗದಲ್ಲಿ ಚಿಕ್ಕ, ಮುರಿಯದ ಅಭ್ಯಾಸಗಳಿವೆ: ಎದ್ದ ಕೂಡಲೇ ಹಣೆಗೆ ಶಿಲುಬೆಯ ಗುರುತು, ಒಲೆ ಹೊತ್ತಿಸುವಾಗ ಪರಲೋಕಮಂತ್ರ, ಜೀಪು ಹೊರಡುವಾಗ ನಮೋ ಮರಿಯ. ಕಥೋಲಿಕ ಊರುಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗುಡಿಯ ಗಂಟೆ ಬಾರಿಸಿ ತ್ರಿಕಾಲ ಜಪದ ಹೊತ್ತನ್ನು ಸಾರುವ ರೂಢಿಯಿದೆ. ಗಂಟೆ ಕೇಳಿದವರು ಇದ್ದಲ್ಲೇ ನಿಂತು ಜಪ ಹೇಳಿ ಕೆಲಸಕ್ಕೆ ಮರಳುತ್ತಾರೆ. ಯಾರ ಕೂಲಿಯನ್ನೂ ಕೆಡಿಸದೆ, ಯಾರಿಗೂ ಅಕ್ಷರ ಬೇಡದೆ, ದಿನವನ್ನು ಮೂರು ಕಡೆ ದೇವರ ಕಡೆಗೆ ತಿರುಗಿಸುವ ಈ ವ್ಯವಸ್ಥೆಯ ಜಾಣ್ಮೆ ಮೆಚ್ಚತಕ್ಕದ್ದು.

ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಪಟಗಳ ಎದುರು ಜಪಸರ. ಅಕ್ಟೋಬರ್ ತಿಂಗಳು ಜಪಮಾಲೆ ಮಾತೆಯದಾದ್ದರಿಂದ ಆಗ ಮನೆಯಿಂದ ಮನೆಗೆ ಸರದಿ ಜಪ ನಡೆಯುತ್ತದೆ. ದಕ್ಷಿಣ ಭಾರತ ಸಭೆಯ ಮನೆಗಳಲ್ಲಿ ಅದೇ ಹೊತ್ತಿಗೆ ಕುಟುಂಬ ಪ್ರಾರ್ಥನೆ: ಒಂದು ಕೀರ್ತನೆ, ಸಭೆಯ ಪಂಚಾಂಗದಲ್ಲಿ ಆ ದಿನಕ್ಕೆ ಗೊತ್ತುಮಾಡಿದ ವೇದಪಾಠ, ಮನೆಯವರ ಹೆಸರು ಹೇಳಿ ಬೇಡಿಕೆ. ಪೆಂತೆಕೊಸ್ತ ಸಭೆಗಳಲ್ಲಿ ನಸುಕಿನ ಪ್ರಾರ್ಥನೆಗೂ ಉಪವಾಸ ಪ್ರಾರ್ಥನೆಗೂ ಇಡೀ ರಾತ್ರಿಯ ಜಾಗರಣೆಗೂ ಹೆಚ್ಚಿನ ಬೆಲೆ. ಕ್ರಿಸ್ತನ ಪುನರಾಗಮನ ಹತ್ತಿರವಿದೆಯೆಂಬ ಭಾವ ಅಲ್ಲಿ ಉಳಿದೆಡೆಗಿಂತ ತೀವ್ರವಾಗಿದೆ.

ಹೆಂಗಸರ ಕೈಯಲ್ಲಿರುವ ಇನ್ನೊಂದು ಅಭ್ಯಾಸ ಹಿಡಿ ಅಕ್ಕಿ. ಅನ್ನಕ್ಕೆ ಅಳೆದ ಅಕ್ಕಿಯಿಂದ ಪ್ರತಿಸಲವೂ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿಟ್ಟು, ತುಂಬಿದ ಮೇಲೆ ಸಭೆಗೋ ಬಡವರಿಗೋ ಒಪ್ಪಿಸುವುದು ತಮಿಳು ಕ್ರೈಸ್ತರಲ್ಲಿ ಹಳೆಯ ರೂಢಿ. ರೇಷನ್ ಅಕ್ಕಿಯ ಮನೆಯಲ್ಲೂ ಇದು ನಡೆಯುತ್ತದೆ. ದೇವರ ನೆನಪನ್ನು ಮಾತಿನಿಂದ ಅಳತೆಗೆ ಇಳಿಸುವ ಈ ಕ್ರಮಕ್ಕೆ ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ವರ್ಷ

ವರ್ಷದ ಚಕ್ರದಲ್ಲಿ ಎಚ್ಚರದ ಕಾಲಗಳು ಎರಡು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ನಿರೀಕ್ಷೆಯದು. ವಿಭೂತಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲ ಪಶ್ಚಾತ್ತಾಪದ್ದು, ಜನರ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ಬೇರೂರಿರುವುದೂ ಅದೇ. ಹಿಂದಿನ ವರ್ಷದ ಗರಿಗಳ ಭಾನುವಾರ ಮಂತ್ರಿಸಿ ಮನೆಯಲ್ಲಿಟ್ಟ ಗರಿಗಳನ್ನು ತಂದು ಸುಟ್ಟು, ಅದೇ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಕಥೋಲಿಕ ಸಭೆಯ ಕಾನೂನಿನಂತೆ 18ರಿಂದ 59 ವರ್ಷದವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವಿರಬೇಕು. 14 ದಾಟಿದವರು ಮಾಂಸ ಬಿಡಬೇಕು. ಈ ಸೀಮೆಯ ಹಲವು ಮನೆಗಳು ಕಾನೂನಿಗಿಂತ ಮುಂದೆ ಹೋಗಿ ನಲವತ್ತು ದಿನವೂ ಮಾಂಸ ಮುಟ್ಟುವುದಿಲ್ಲ. ಘಟ್ಟದ ಮೇಲೆ ಇಡುಕ್ಕಿಯ ಸಿರಿಯನ್ ಕಥೋಲಿಕರು ಐವತ್ತು ದಿನದ ನೋಯಂಬು ಹಿಡಿಯುವುದನ್ನು ತೋಟದ ಕೂಲಿಗಳು ಹತ್ತಿರದಿಂದ ಕಂಡಿದ್ದಾರೆ. ಶುಕ್ರವಾರಗಳಲ್ಲಿ ಶಿಲುಬೆಹಾದಿ; ಬೆಟ್ಟಗುಡ್ಡಗಳಿರುವ ಊರುಗಳಲ್ಲಿ ಶಿಲುಬೆ ಹೊತ್ತು ಹತ್ತುವ ಪದ್ಧತಿಯೂ ಉಂಟು.

ಎಚ್ಚರವೆಂಬ ಆಜ್ಞೆ ಅಕ್ಷರಶಃ ನಡೆಯುವುದು ಪವಿತ್ರ ಗುರುವಾರದ ರಾತ್ರಿ. ಕಡೆಯ ಭೋಜನದ ಸ್ಮರಣೆಯ ಬಲಿಪೂಜೆಯಲ್ಲಿ ಹನ್ನೆರಡು ಮಂದಿಯ ಕಾಲು ತೊಳೆದು, ಪೂಜೆ ಮುಗಿದ ಮೇಲೆ, ಪರಮಪ್ರಸಾದವನ್ನು ಮುಖ್ಯ ಪೀಠದಿಂದ ಬೇರೆಡೆಗೆ ಕೊಂಡೊಯ್ಯುತ್ತಾರೆ. ಪೀಠವನ್ನು ಬರಿದು ಮಾಡುತ್ತಾರೆ. ಆಮೇಲೆ ಬೀದಿ ಬೀದಿಯವರು, ಯುವಕರ ಕೂಟ, ಹೆಂಗಸರ ಸಂಘ, ಶಾಲೆಯ ಮಕ್ಕಳು ಎಂದು ಸರದಿಯಂತೆ ಒಂದೊಂದು ಗಂಟೆ ಅದರ ಮುಂದೆ ಕೂರುತ್ತಾರೆ. ನಸುಕಿನ ಜೀಪು ಹತ್ತಿ ಬಂದವರ ಕಣ್ಣು ಎಳೆಯುವುದೂ ಉಂಟು. ಗೆತ್ಸೆಮನೆಯ ಶಿಷ್ಯರಿಗೂ ಹಾಗೆಯೇ ಆಗಿತ್ತಲ್ಲವೇ, ಮನಸ್ಸಿಗೆ ಇಷ್ಟವಿದ್ದರೂ ದೇಹ ಸಾಲದು ಎಂದು ಗುರು ಅವರನ್ನು ಅರಿತಿದ್ದ. ಆ ಗಂಟೆಯ ಬೆಲೆ ಎಷ್ಟು ತೂಕಡಿಸಲಿಲ್ಲ ಎಂಬುದರಲ್ಲಿಲ್ಲ, ದಣಿದಿದ್ದರೂ ಬಂದು ಕುಳಿತದ್ದರಲ್ಲಿದೆ. ಶನಿವಾರ ರಾತ್ರಿಯ ಪಾಸ್ಕ ಜಾಗರಣೆ ಕತ್ತಲಲ್ಲಿ ಹೊಸ ಬೆಂಕಿಯಿಂದ ಆರಂಭವಾಗುತ್ತದೆ. 1950ರ ದಶಕದಲ್ಲಿ ಪೋಪ್ ಹನ್ನೆರಡನೇ ಪಿಯಸ್ ಸುಧಾರಣೆ ತರುವ ತನಕ ಅದು ಶನಿವಾರ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ಪ್ರೊಟೆಸ್ಟಂಟರಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಇಂಥದೇ ಸ್ಥಾನ. ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು ಹೂವು, ಮೇಣದಬತ್ತಿ ಇಡುವುದು ಸಾವನ್ನು ನೆನಪಿನಲ್ಲಿಟ್ಟುಕೊಳ್ಳುವ ವಾರ್ಷಿಕ ಪಾಠ.

ಹರಕೆಯೂ ನಂಬಿಗಸ್ತಿಕೆಯ ಒಂದು ರೂಪ. ದಿಂಡಿಗಲ್‌ನ ಮುತ್ತಳಗುಪಟ್ಟಿಯ ಸಂತ ಸೆಬಾಸ್ಟಿಯನ್ ಹಬ್ಬಕ್ಕೆ ಆಗಸ್ಟಿನಲ್ಲಿ ಭಕ್ತರು ಆಡು, ಕೋಳಿ, ಅಕ್ಕಿ, ಬದನೆಕಾಯಿ ತಂದು ಒಪ್ಪಿಸುತ್ತಾರೆ. ಎಲ್ಲವನ್ನೂ ಒಂದೇ ಕಡೆ ಬೇಯಿಸಿ ಮತಭೇದವಿಲ್ಲದೆ ಸಾವಿರಾರು ಜನಕ್ಕೆ ಬಡಿಸುತ್ತಾರೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರ ವೇಳಾಂಗಣ್ಣಿ ಹಬ್ಬಕ್ಕೆ ಕಾವಿ ಉಟ್ಟು ಕಾಲ್ನಡಿಗೆಯಲ್ಲಿ ಹೊರಡುವವರು ಮೊದಲೇ ವ್ರತ ಹಿಡಿದು ಕುಡಿತ ಬಿಟ್ಟಿರುತ್ತಾರೆ. ಹರಕೆ ದೇವರೊಡನೆ ವ್ಯಾಪಾರವಾಗುವ ಅಪಾಯವನ್ನು ಪಾದ್ರಿಗಳು ಎತ್ತಿ ಹೇಳುತ್ತಾರೆ, ಅದು ಸರಿಯೇ. ಆದರೂ ಕೊಟ್ಟ ಮಾತನ್ನು ಹಸಿವಿನ ನಡುವೆಯೂ ತೀರಿಸುವ ಗುಣವನ್ನು ಈ ಹಬ್ಬಗಳು ಕಲಿಸಿವೆ.

ಪರೀಕ್ಷೆಗಳು

ಎಚ್ಚರ ಯಾವುದರ ವಿರುದ್ಧ ಎಂಬುದನ್ನು ನಿಜವಾದ ಬದುಕೇ ತೋರಿಸಬೇಕು. ಇಲ್ಲಿ ಮೊದಲನೆಯದು ಕುಡಿತ. ತಮಿಳುನಾಡಿನಲ್ಲಿ 1983ರಲ್ಲಿ ಸ್ಥಾಪನೆಯಾದ ಸರ್ಕಾರಿ ನಿಗಮದ ಕೈಗೆ 2003ರಲ್ಲಿ ಚಿಲ್ಲರೆ ಮದ್ಯ ಮಾರಾಟವೆಲ್ಲ ಬಂತು. ತಪಸ್ಸುಕಾಲದಲ್ಲಿ ಬಿಟ್ಟ ಕುಡಿತವನ್ನು ಪಾಸ್ಕದ ಮರುದಿನವೇ ಹಿಡಿಯುವ ಗಂಡಸರ ಮನೆಗಳಲ್ಲಿ ಹೆಂಗಸರ ಜಪಸರಕ್ಕೆ ಬೇರೆಯೇ ಭಾರವಿರುತ್ತದೆ. ಎರಡನೆಯದು ಸಾಲ. 2003ರ ಕಾನೂನು ಮೀಟರ್ ಬಡ್ಡಿ, ಕಂದುವಟ್ಟಿ ಎಂಬ ವಿಪರೀತ ಬಡ್ಡಿಗಳನ್ನು ನಿಷೇಧಿಸಿದೆ. ಹಾಗಿದ್ದೂ ಮದುವೆ, ಹಬ್ಬ, ಆಸ್ಪತ್ರೆಗಳ ಹೊತ್ತಿನಲ್ಲಿ ಅವು ಮನೆಬಾಗಿಲಿಗೆ ಬರುತ್ತವೆ. ಬಡ್ಡಿಗೆ ಸಾಲ ಕೊಡುವವನೂ ಅದೇ ಗುಡಿಯಲ್ಲಿ ಮಂಡಿಯೂರುವವನಾಗಿದ್ದರೆ ಪ್ರಶ್ನೆ ಇನ್ನೂ ಕಠಿಣ.

ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಆಳವಾದ ಪರೀಕ್ಷೆ ಜಾತಿ. ಡಿ ನೊಬಿಲಿ ಜಾತಿಯ ಕಟ್ಟುಗಳನ್ನು ಲೋಕಾಚಾರವೆಂದು ಹಾಗೆಯೇ ಉಳಿಯಬಿಟ್ಟ. 1640ರ ನಂತರ ಕೆಳಜಾತಿಗಳವರಿಗಾಗಿ ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿವರ್ಗವೇ ರೂಪುಗೊಂಡಿತು. 1693ರಲ್ಲಿ ಓರಿಯೂರಿನಲ್ಲಿ ಪ್ರಾಣತೆತ್ತ ಜಾನ್ ಡಿ ಬ್ರಿಟ್ಟೊ ಇಂಥ ಪಂಡಾರಸ್ವಾಮಿ. ಸುವಾರ್ತೆ ಹರಡಿತು, ಜೊತೆಗೆ ಬೇಲಿಯೂ ಉಳಿಯಿತು. ಅಮೆರಿಕನ್ ಮಿಷನ್ 1847ರಲ್ಲಿ ತನ್ನ ಉಪದೇಶಿಗಳೂ ಕೆಲಸಗಾರರೂ ಜಾತಿ ಬಿಟ್ಟು ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂದು ಪ್ರೇಮಭೋಜನ ಏರ್ಪಡಿಸಿತು. ಹಲವರು ಒಪ್ಪದೆ ಕೆಲಸ ಕಳೆದುಕೊಂಡರು. ಪರದೇಶದ ಯಜಮಾನರು ಕೆಲಸದ ಬೆದರಿಕೆಯಿಂದ ಮನಸ್ಸು ತಿರುಗಿಸಲು ಹೋದದ್ದು ವಿವಾದಾಸ್ಪದ. ಆದರೆ ಊಟದ ಎಲೆಯೇ ನಂಬಿಕೆಯ ಪರೀಕ್ಷೆಯೆಂದು ಅವರು ಗುರುತಿಸಿದ್ದು ತಪ್ಪಲ್ಲ. ತಮಿಳುನಾಡಿನ ಅನೇಕ ಕಡೆ ಬೇರೆ ಬೇರೆ ಸ್ಮಶಾನ, ಮೆರವಣಿಗೆಯ ತೇರು ಹೋಗದ ಬೀದಿ ಇಂದಿಗೂ ಇವೆ. ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿ ಸಭೆಯೊಳಗಿನ ಅಸ್ಪೃಶ್ಯತೆಯನ್ನು ಪಾಪವೆಂದೇ ಕರೆಯುತ್ತದೆ. ದಿನಕ್ಕೆ ಮೂರು ಸಲ ಗಂಟೆ ಕೇಳಿ ಜಪಿಸುವ ಬಾಯಿ ನೆರೆಯವನ ಹೆಣಕ್ಕೆ ಜಾಗ ನಿರಾಕರಿಸಿದರೆ ಆ ಜಪ ನಿದ್ದೆಯ ಇನ್ನೊಂದು ರೂಪವಷ್ಟೇ.

ದಲಿತ ಕ್ರೈಸ್ತರ ಮೇಲೆ ಹೊರಗಿನಿಂದಲೂ ಒತ್ತಡವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಅನ್ವಯಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ಕ್ರೈಸ್ತರು ಹೊರಗೇ ಉಳಿದರು. ತಮಿಳುನಾಡಿನಲ್ಲಿ ಅವರನ್ನು ಹಿಂದುಳಿದ ವರ್ಗದಲ್ಲಿ ಎಣಿಸುತ್ತಾರೆ. ಹೀಗಾಗಿ ಸ್ನಾನದೀಕ್ಷೆ ಪಡೆದದ್ದನ್ನು ಕಾಗದದಲ್ಲಿ ಒಪ್ಪಿಕೊಂಡರೆ ಮಗಳ ಕಾಲೇಜು ಸೀಟು ಕೈತಪ್ಪಬಹುದು. ಒಂದು ಹೆಸರು ಗುಡಿಗೆ, ಇನ್ನೊಂದು ಶಾಲೆಗೆ ಎಂದು ಬದುಕಬೇಕಾದ ಕುಟುಂಬಗಳನ್ನು ಹೇಡಿಗಳೆಂದು ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಆಯೋಗ ನೇಮಿಸಿತು.

ಈಚಿನ ಸ್ಥಿತಿ

ಇಂದಿನ ಧರ್ಮಕೇಂದ್ರಗಳಲ್ಲಿ ನಿತ್ಯಸಾಧನೆಯ ಘಟಕ ಅನ್ಬಿಯಂ. ಅಕ್ಕಪಕ್ಕದ ಮನೆಗಳವರು ಸರದಿಯಂತೆ ಒಂದು ಮನೆಯಲ್ಲಿ ಕೂಡಿ ಸುವಾರ್ತೆ ಓದಿ, ಆ ವಾರ ತಮ್ಮ ಬೀದಿಯಲ್ಲಿ ನಡೆದದ್ದರ ಬೆಳಕಿನಲ್ಲಿ ಅದನ್ನು ಮಾತಾಡಿಕೊಳ್ಳುತ್ತಾರೆ. ಕಾಯಿಲೆಯವರನ್ನು ನೋಡಿಬರುವುದು, ಜಗಳವಾದವರನ್ನು ಕೂಡಿಸುವುದು ಅದೇ ಕೂಟದ ಕೆಲಸ. ಹಿಂದೆ ಒಬ್ಬ ಉಪದೇಶಿ ಹೊತ್ತ ಹೊಣೆ ಹಲವರಿಗೆ, ಅದರಲ್ಲೂ ಹೆಂಗಸರಿಗೆ, ಹಂಚಿಹೋಗಿದೆ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್‌ನಿಂದ ಗುಡಿಗಳು ಮುಚ್ಚಿದಾಗ ಬಲಿಪೂಜೆ ಫೋನಿನ ಪರದೆಗೆ ಬಂತು, ಜಪ ಮನೆಗೆ ಮರಳಿತು. ತಿರುಪ್ಪೂರು, ಕೊಯಮತ್ತೂರು, ಬೆಂಗಳೂರುಗಳಿಗೆ ದುಡಿಯಲು ಹೋದ ಮಕ್ಕಳು ಭಾನುವಾರದ ಪಾಳಿಯಿಂದಾಗಿ ಗುಡಿಗೆ ಹೋಗಲಾರದೆ ಫೋನಿನಲ್ಲೇ ಮನೆಯ ಸಂಜೆ ಜಪಕ್ಕೆ ಸೇರಿಕೊಳ್ಳುತ್ತಾರೆ. ಏಲಕ್ಕಿ ಕೊಯ್ಲಿನ ತಿಂಗಳುಗಳಲ್ಲಿ ಭಾನುವಾರವೂ ತೋಟದ ಕೆಲಸವಿರುವ ಕಡೆ ಶನಿವಾರ ಸಂಜೆಯ ಬಲಿಪೂಜೆಯೇ ಆಸರೆ. ಭಾನುವಾರದ ಕರ್ತವ್ಯ ಅದರಿಂದಲೇ ನೆರವೇರುತ್ತದೆಂದು ಸಭೆಯ ಕಾನೂನು ಒಪ್ಪುತ್ತದೆ.